ಕೂಡಿ ಇರೋಣ, ಬಾಗಿಲು ತೆರೆದು ಇರೋಣ

(ಯರಗಟ್ಟಿ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಆರೋಗ್ಯ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣ)



ಹೊಲದ ಕೆಲಸ, ಅಡುಗೆ ಕೆಲಸ, ದನಕರುಗಳ ಕೆಲಸ ಎಲ್ಲಾ ಬದಿಗಿಟ್ಟು ಬಂದೀರಿ. ಬಹಳ ಸಂತೋಷ. ಉಳಿತಾಯ, ಸಾಲ, ಬ್ಯಾಂಕು, ಹೈನುಗಾರಿಕೆ ಇವುಗಳ ಬಗ್ಗೆ ನಾವು ಎಷ್ಟೋ ಸಲ ಮಾತಾಡಿದ್ದೇವೆ. ಇವತ್ತಿನ ವಿಷಯ ಬೇರೆ. ನೆಗಡಿ, ಕೆಮ್ಮು, ಫ್ಲೂ, ಕೊರೊನಾ, ಇಂಥ ಉಸಿರಿನ ಜಡ್ಡುಗಳು ಒಬ್ಬರಿಂದ ಒಬ್ಬರಿಗೆ ಹೇಗೆ ಹತ್ತುತ್ತವೆ, ಯಾರಿಗೆ ಜಾಸ್ತಿ ಹತ್ತುತ್ತವೆ, ನಮ್ಮ ಸಂಘ ಏನು ಮಾಡಬಹುದು ಎಂದು ವಿಚಾರ ಮಾಡೋಣ.

"ಕೊರೊನಾ ಹೋತಲ್ರಿ, ಈಗ್ಯಾಕ ಆ ಮಾತು?" ಎಂದು ಕೆಲವರಿಗೆ ಅನಿಸಬಹುದು. ಕೊರೊನಾದ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಹೇಳಿತು, ನಿಜ. ಆದರೆ ತುರ್ತುಸ್ಥಿತಿ ಮುಗಿದರೂ ವೈರಸ್ ಹೋಗಿಲ್ಲ. 2009ರಲ್ಲಿ ಬಂದ ಹಂದಿಜ್ವರ, ಅಂದರೆ ಎಚ್1ಎನ್1 ಸಹ ಹೋಗಿಲ್ಲ, ವರ್ಷಾವರ್ಷ ಬರುವ ಫ್ಲೂ ಜ್ವರಗಳ ಜೊತೆ ಸೇರಿಕೊಂಡಿದೆ. 2025ರ ಜನವರಿ 6ರಂದು ಬೆಂಗಳೂರಿನಲ್ಲಿ ಎರಡು ಕೂಸುಗಳಿಗೆ ಎಚ್‌ಎಂಪಿವಿ ಎಂಬ ವೈರಸ್ ತಗುಲಿದ್ದು ಖಚಿತವಾಯಿತು. ಒಂದಕ್ಕೆ ಮೂರು ತಿಂಗಳು, ಇನ್ನೊಂದಕ್ಕೆ ಎಂಟು ತಿಂಗಳು. ಟಿವಿಯಲ್ಲಿ "ಹೊಸ ವೈರಸ್" ಎಂದು ದೊಡ್ಡ ಗದ್ದಲ ಆಯಿತು. ಅದು ಹೊಸದಲ್ಲ. 2001ರಲ್ಲೇ ನೆದರ್‌ಲ್ಯಾಂಡ್ಸ್ ದೇಶದಲ್ಲಿ ಅದನ್ನು ಗುರುತಿಸಿದ್ದರು. ಆ ಕೂಸುಗಳು ಹೊರದೇಶಕ್ಕೆ ಹೋಗಿ ಬಂದವೂ ಅಲ್ಲ. ಇಂಥ ವೈರಸ್‌ಗಳು ನಮ್ಮ ನಡುವೆಯೇ ಓಡಾಡುತ್ತಿರುತ್ತವೆ.

ಹಾಗಾದರೆ ಹೆದರಿ ಮನೆಯಲ್ಲಿ ಕೂಡಬೇಕೇ? ಬೇಡ. ಹೆದರಿಕೆಗಿಂತ ತಿಳುವಳಿಕೆ ಉಪಯೋಗಕ್ಕೆ ಬರುತ್ತದೆ.

ಮೆಣಸಿನಕಾಯಿ ಘಾಟು

ನಮ್ಮ ಅಡುಗೆಮನೆಯಿಂದಲೇ ಸುರು ಮಾಡೋಣ. ಖಾರಪುಡಿಗೆಂದು ಮೆಣಸಿನಕಾಯಿ ಹುರಿಯುತ್ತೀರಿ. ಬಾಗಿಲು ಕಿಟಕಿ ಮುಚ್ಚಿದ್ದರೆ ಏನಾಗುತ್ತದೆ? ಒಲೆ ಮುಂದೆ ಕೂತವರು ಮೊದಲು ಕೆಮ್ಮುತ್ತಾರೆ. ಆಮೇಲೆ ಪಡಸಾಲೆಯಲ್ಲಿ ಕೂತ ಮಾವನವರು, ಒಳಗಿನ ಕೋಣೆಯಲ್ಲಿ ಮಲಗಿದ ಕೂಸು, ಎಲ್ಲರೂ ಕೆಮ್ಮುತ್ತಾರೆ. ಯಾರೂ ಮೆಣಸಿನಕಾಯಿ ಮುಟ್ಟಿಲ್ಲ. ಗಾಳಿಯಲ್ಲಿ ಬಂದ ಘಾಟು ಸಾಕಾಯಿತು. ಅದೇ ಮೆಣಸಿನಕಾಯಿಯನ್ನು ಹಿತ್ತಲಲ್ಲಿ ಒಲೆ ಹೂಡಿ ಹುರಿದರೆ? ಹತ್ತಿರ ಇದ್ದವರಿಗೆ ಸ್ವಲ್ಪ ಘಾಟು ಬಡಿಯುತ್ತದೆ, ಉಳಿದದ್ದು ಗಾಳಿಗೆ ಹಾರಿಹೋಗುತ್ತದೆ.

ಉಸಿರಿನ ವೈರಸ್ ಹರಡುವ ರೀತಿಯೂ ಹೆಚ್ಚು ಕಡಿಮೆ ಹೀಗೆಯೇ. ಸೋಂಕು ತಗುಲಿದವರು ಕೆಮ್ಮಿದಾಗ, ಸೀನಿದಾಗ ಅಷ್ಟೇ ಅಲ್ಲ, ಮಾತಾಡುವಾಗ, ಹಾಡುವಾಗ, ಸುಮ್ಮನೆ ಉಸಿರು ಬಿಡುವಾಗಲೂ ಸಣ್ಣ ಸಣ್ಣ ಹನಿಗಳು ಹೊರಗೆ ಬರುತ್ತವೆ. ದೊಡ್ಡ ಹನಿಗಳು ಒಂದೆರಡು ಮಾರು ದೂರದೊಳಗೆ ಕೆಳಗೆ ಬೀಳುತ್ತವೆ. ತೀರ ಸಣ್ಣವು ಬಹಳ ಹೊತ್ತು ಗಾಳಿಯಲ್ಲೇ ತೇಲುತ್ತವೆ. ಗಾಳಿ ಆಡದ ಕೋಣೆಯಲ್ಲಿ ಅವು ಜಮಾ ಆಗುತ್ತಾ ಹೋಗುತ್ತವೆ. ಘಾಟಿಗೂ ವೈರಸ್ಸಿಗೂ ಒಂದೇ ವ್ಯತ್ಯಾಸ: ಘಾಟು ಮೂಗಿಗೆ ಗೊತ್ತಾಗುತ್ತದೆ, ವೈರಸ್ ಗೊತ್ತಾಗುವುದಿಲ್ಲ. ಅದೂ ಅಲ್ಲದೆ, ಫ್ಲೂ ಮತ್ತು ಕೊರೊನಾದಲ್ಲಿ ಜಡ್ಡು ಕಾಣಿಸಿಕೊಳ್ಳುವ ಮೊದಲೇ, ಅಂದರೆ ಮೈ ಬಿಸಿ ಆಗುವ ಒಂದೆರಡು ದಿನ ಮುಂಚೆಯೇ, ಆ ಮನುಷ್ಯರಿಂದ ಬೇರೆಯವರಿಗೆ ಹತ್ತಬಹುದು. ಅದಕ್ಕೇ ಜಡ್ಡಿನವರು ಬಂದಾಗ ಮಾತ್ರ ಕಿಟಕಿ ತೆಗೆದರೆ ಸಾಲದು. ಜನ ಕೂಡುವ ಜಾಗದಲ್ಲಿ ಯಾವಾಗಲೂ ಗಾಳಿ ಆಡಬೇಕು.

ಕೈಯಿಂದಲೂ ಹತ್ತುತ್ತದೆ. ಸಿಂಬಳ ಒರೆಸಿದ ಕೈಯಿಂದ ಬಾಗಿಲ ಚಿಲಕ ಮುಟ್ಟುತ್ತೇವೆ, ಇನ್ನೊಬ್ಬರು ಅದನ್ನು ಮುಟ್ಟಿ ಕಣ್ಣು ಉಜ್ಜಿಕೊಳ್ಳುತ್ತಾರೆ. ಆದ್ದರಿಂದ ಸಾಬೂನಿನಿಂದ ಕೈ ತೊಳೆಯುವ ರೂಢಿ ಬಿಡಬಾರದು. ಆದರೆ ಕೈ ತೊಳೆದೆವು, ಇನ್ನೇನೂ ಆಗುವುದಿಲ್ಲ ಎಂದು ಮುಚ್ಚಿದ ಕೋಣೆಯಲ್ಲಿ ತಾಸುಗಟ್ಟಲೆ ಕೂತರೆ ಉಪಯೋಗವಿಲ್ಲ.

ಇನ್ನೊಂದು ಮಾತು. "ಮೊಸರು ಉಂಡೆ, ನೆಗಡಿ ಆತು", "ಮಳ್ಯಾಗ ತೋಯ್ಸಿಕೊಂಡೆ, ಜ್ವರ ಬಂತು" ಎನ್ನುತ್ತೇವೆ. ಈ ವೈರಸ್ ಮೊಸರಿನಿಂದ ಬರುವುದಿಲ್ಲ, ಮಳೆಯಿಂದ ಬರುವುದಿಲ್ಲ, ಇನ್ನೊಬ್ಬ ಮನುಷ್ಯರಿಂದ ಬರುತ್ತದೆ. ಮಳೆಗಾಲ, ಚಳಿಗಾಲದಲ್ಲಿ ಜಾಸ್ತಿ ಯಾಕೆ ಅಂದರೆ, ಥಂಡಿ ಅಂತ ಎಲ್ಲರೂ ಬಾಗಿಲು ಮುಚ್ಚಿ ಒಂದೇ ಕಡೆ ಸೇರುತ್ತೇವೆ. ಅದು ಒಂದು ದೊಡ್ಡ ಕಾರಣ.

ನಾಲ್ಕು ಪ್ರಶ್ನೆ ಕೇಳಿಕೊಳ್ಳಿ

2020ರಲ್ಲಿ ಜಪಾನ್ ದೇಶದವರು ತಮ್ಮ ಜನರಿಗೆ ಮೂರು ಮಾತು ಕಲಿಸಿದರು: ಮುಚ್ಚಿದ ಜಾಗ, ಗದ್ದಲದ ಜಾಗ, ಹತ್ತಿರದ ಮಾತುಕತೆ, ಈ ಮೂರನ್ನೂ ತಪ್ಪಿಸಿರಿ. ನಾವು ಇದಕ್ಕೆ ನಾಲ್ಕನೆಯದೊಂದು ಸೇರಿಸೋಣ: ಎಷ್ಟು ಹೊತ್ತು? ಎಲ್ಲಿಗೆ ಹೋದರೂ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

1. ಜಾಗ ಮುಚ್ಚಿದೆಯೋ, ಗಾಳಿ ಆಡುತ್ತದೆಯೋ?
2. ಎಷ್ಟು ಜನ ಇದ್ದಾರೆ?
3. ಮುಖಕ್ಕೆ ಮುಖ ಎಷ್ಟು ಹತ್ತಿರ ಇದೆ?
4. ಎಷ್ಟು ಹೊತ್ತು ಇರಬೇಕು?

ಒಂದು ನಿಜವಾದ ಉದಾಹರಣೆ ಹೇಳುತ್ತೇನೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸ್ಕ್ಯಾಜಿಟ್ ಎಂಬ ಪ್ರಾಂತದಲ್ಲಿ ಒಂದು ಗಾಯನ ತಂಡವಿತ್ತು. 2020ರ ಮಾರ್ಚ್ 10ರ ಸಂಜೆ 61 ಜನ ಒಂದು ಚರ್ಚಿನ ಕೋಣೆಯಲ್ಲಿ ಸೇರಿ ಎರಡೂವರೆ ತಾಸು ಹಾಡಿನ ಅಭ್ಯಾಸ ಮಾಡಿದರು. ಬಾಗಿಲಲ್ಲೇ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡರು, ಅಪ್ಪಿಕೊಳ್ಳಲಿಲ್ಲ, ಕೈ ಕುಲುಕಲಿಲ್ಲ. ಅವರಲ್ಲಿ ಒಬ್ಬರಿಗೆ ಸ್ವಲ್ಪ ಥಂಡಿ ಆದಂಗಿತ್ತು. ಮುಂದಿನ ದಿನಗಳಲ್ಲಿ ಒಟ್ಟು 53 ಜನರಿಗೆ ಕೊರೊನಾ ಬಂತು, ಅಥವಾ ಬಂದಿರಬೇಕೆಂದು ಡಾಕ್ಟರರು ತೀರ್ಮಾನಿಸಿದರು. ಇಬ್ಬರು ತೀರಿಕೊಂಡರು. ದೇವರ ಕೆಲಸಕ್ಕೆ ಕೂಡಿದ್ದರೋ, ಸಂತೋಷಕ್ಕೆ ಕೂಡಿದ್ದರೋ, ವೈರಸ್ ಅದನ್ನು ನೋಡುವುದಿಲ್ಲ. ಮುಚ್ಚಿದ ಕೋಣೆ, ಬಹಳ ಜನ, ಹತ್ತಿರ ಕೂತು ಗಟ್ಟಿ ದನಿಯಲ್ಲಿ ಹಾಡಿದ್ದು, ಎರಡೂವರೆ ತಾಸು. ನಾಲ್ಕೂ ಕೂಡಿಬಂದವು.

ಈಗ ನಮ್ಮ ಕಡೆ ನೋಡೋಣ. ಯರಗಟ್ಟಿ ಅಂದರೆ ಬೆಳಗಾವಿ, ಬಾಗಲಕೋಟೆ, ಗೋಕಾಕ, ಸವದತ್ತಿ ಕಡೆಯ ರಸ್ತೆಗಳು ಕೂಡುವ ಊರು. ನಾಲ್ಕೂ ಕಡೆಯಿಂದ ಜನ ಬರುತ್ತಾರೆ, ಹೋಗುತ್ತಾರೆ. ಸಂತೆಯಲ್ಲಿ ಕಾಯಿಪಲ್ಯ ಕೊಳ್ಳುವಾಗ ಜನ ಬಹಳ, ಆದರೆ ಬಯಲು ಜಾಗ, ಒಬ್ಬರ ಮುಂದೆ ನಿಲ್ಲುವುದು ಎರಡೇ ನಿಮಿಷ. ಅಲ್ಲಿ ಅಪಾಯ ಕಡಿಮೆ. ಅದೇ ಸಂತೆಯಿಂದ ವಾಪಸ್ಸು ಬರುವಾಗ ಟೆಂಪೋದಲ್ಲಿ ತೊಡೆಗೆ ತೊಡೆ ಹಚ್ಚಿ ಹದಿನೈದು ಜನ, ಮಳೆ ಅಂತ ಪರದೆ ಇಳಿಬಿಟ್ಟು ಮುಕ್ಕಾಲು ತಾಸು ಕೂಡುತ್ತೇವಲ್ಲ, ಅಲ್ಲಿ ಅಪಾಯ ಜಾಸ್ತಿ.

ಯಲ್ಲಮ್ಮನ ಗುಡ್ಡದ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಲಕ್ಷಾಂತರ ಜನ ಸೇರುತ್ತಾರೆ. ಗೊಡಚಿ ವೀರಭದ್ರನ ಜಾತ್ರೆಗೆ ಹೋಗುತ್ತೇವೆ. ಬಯಲಲ್ಲಿ ಬಿಡಾರ ಹೂಡಿ ಒಲೆ ಹಚ್ಚಿ ಅಡುಗೆ ಮಾಡಿ ಉಣ್ಣುವುದರಲ್ಲಿ ಅಷ್ಟು ಭಯವಿಲ್ಲ. ಭಯ ಇರುವುದು ದರ್ಶನದ ಸಾಲಿನ ನೂಕುನುಗ್ಗಲಿನಲ್ಲಿ, ರಾತ್ರಿ ಒಂದೇ ಕೋಣೆಯಲ್ಲಿ ಇಪ್ಪತ್ತು ಜನ ಮಲಗುವುದರಲ್ಲಿ, ತುಂಬಿದ ಗಾಡಿಯಲ್ಲಿ. 2020ರಲ್ಲಿ ಗುಡ್ಡದ ಗುಡಿಗೂ ಭಕ್ತರ ಪ್ರವೇಶ ತಿಂಗಳುಗಟ್ಟಲೆ ಬಂದ್ ಆಗಿತ್ತು. ಚರ್ಚು, ಮಸೂತಿಗಳೂ ಬಾಗಿಲು ಹಾಕಿದ್ದವು. ಪ್ರತಿವರ್ಷ ಹಾಗೆ ಮಾಡಲು ಆಗುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಆದರೆ ಕೆಮ್ಮು ಜ್ವರ ಇದ್ದವರು ಆ ಸಲ ಜಾತ್ರೆ ಬಿಡಬೇಕು, ಮುದುಕರನ್ನು ಎಳೆಕೂಸುಗಳನ್ನು ನೂಕುನುಗ್ಗಲಿಗೆ ಒಯ್ಯಬಾರದು. ಇಷ್ಟು ಮಾಡಬಹುದು.

ಹಳೇ ಮಾಳಿಗೆ ಮನೆಗಳನ್ನು ನೆನಪಿಸಿಕೊಳ್ಳಿ. ಗೋಡೆ ದಪ್ಪ, ಕಿಟಕಿ ಕಡಿಮೆ, ಆದರೂ ಮಾಳಿಗೆ ಮೇಲೆ ಬೆಳಕಿಂಡಿ ಇರುತ್ತಿತ್ತು. ಅದರಿಂದ ಬೆಳಕು ಬರುತ್ತಿತ್ತು, ಹೊಗೆ, ಬಿಸಿ ಗಾಳಿ ಮೇಲೆ ಹೋಗುತ್ತಿತ್ತು. ಈಗ ಕೆಲವರು ಮಳೆ ಬರುತ್ತದೆಂದು ಅದರ ಮೇಲೆ ಕಲ್ಲುಚಪ್ಪಡಿ ಎಳೆದಿದ್ದಾರೆ. ಹೊಸ ಮನೆ ಕಟ್ಟಿಸಿದವರು ಕಿಟಕಿ ಇಡಿಸಿ, ಅದರ ಮುಂದೆ ಜೋಳದ ಚೀಲ ಒಟ್ಟಿದ್ದಾರೆ. ಚೀಲ ಸರಿಸಿರಿ. ಎದುರುಬದುರು ಎರಡು ಕಡೆ ತೆರೆದರೆ ಗಾಳಿ ಹಾದುಹೋಗುತ್ತದೆ. ಇದಕ್ಕೆ ಖರ್ಚಿಲ್ಲ.

ಎಲ್ಲರಿಗೂ ಒಂದೇ ತರಹ ಹತ್ತುವುದಿಲ್ಲ

2020ರಲ್ಲಿ ತಮಿಳುನಾಡು, ಆಂಧ್ರಪ್ರದೇಶಗಳಲ್ಲಿ ಸುಮಾರು 85,000 ಕೊರೊನಾ ರೋಗಿಗಳ ಮತ್ತು ಅವರ ಸಂಪರ್ಕಕ್ಕೆ ಬಂದ ಐದೂಮುಕ್ಕಾಲು ಲಕ್ಷ ಜನರ ಮಾಹಿತಿ ಕೂಡಿಸಿ ನೋಡಿದರು. 100 ರೋಗಿಗಳಲ್ಲಿ ಸುಮಾರು 70 ಮಂದಿಯಿಂದ, ಪತ್ತೆ ಹಚ್ಚಿದ ಸಂಪರ್ಕದವರಲ್ಲಿ ಒಬ್ಬರಿಗೂ ಹತ್ತಿರಲಿಲ್ಲ. ಸ್ವಲ್ಪೇ ಮಂದಿಯಿಂದ ಬಹಳ ಜನರಿಗೆ ಹತ್ತಿತ್ತು. ಅಂದರೆ ಜಡ್ಡಾದವರ ಜೊತೆ ಓಣಿಯಲ್ಲಿ ಎರಡು ಮಾತಾಡಿದರೆ ಹತ್ತೇಬಿಡುತ್ತದೆ ಅಂತ ಇಲ್ಲ. ಎಲ್ಲಿ, ಹೇಗೆ, ಎಷ್ಟು ಹೊತ್ತು ಜೊತೆಗಿದ್ದೆವು ಎಂಬುದು ಮುಖ್ಯ. ಬಹಳ ಹೊತ್ತು ಒಂದೇ ಗಾಡಿಯಲ್ಲಿ ಪ್ರಯಾಣ ಮಾಡಿದವರಿಗೆ ಎಲ್ಲರಿಗಿಂತ ಜಾಸ್ತಿ ಹತ್ತಿತ್ತು.

ಹಾಗಾದರೆ ಒಂದು ಮನೆಯಲ್ಲಿ ಯಾರಿಗೆ ಜಾಸ್ತಿ ಹತ್ತುತ್ತದೆ? ಜಡ್ಡಾದವರ ಹಾಸಿಗೆ ಪಕ್ಕ ಕೂತು ಗಂಜಿ ಕುಡಿಸುವವರಿಗೆ, ಹಣೆಗೆ ತಣ್ಣೀರು ಪಟ್ಟಿ ಹಾಕುವವರಿಗೆ, ವಾಂತಿ ಬಳಿಯುವವರಿಗೆ, ರಾತ್ರಿ ಬಗಲಿಗೇ ಮಲಗುವವರಿಗೆ. ಅವರು ಯಾರು? ನೀವೇ ಹೇಳಿರಿ. ಹೆಂಡತಿ, ತಾಯಿ, ಸೊಸೆ, ಮಗಳು.

ಕೊರೊನಾದಿಂದ ನಮ್ಮ ದೇಶದಲ್ಲಿ ಆದ ಮೊದಲ ಸಾವು ನಮ್ಮ ಕರ್ನಾಟಕದ್ದೇ. ಹೊರದೇಶಕ್ಕೆ ಹೋಗಿ ಬಂದಿದ್ದ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು 2020ರ ಮಾರ್ಚ್ 10ರಂದು ತೀರಿಕೊಂಡರು. ಆಮೇಲೆ ಯಾರಿಗೆ ಸೋಂಕು ಕಂಡಿತು ಗೊತ್ತೇನ್ರಿ? ಅವರ ಮನೆಯವರೊಬ್ಬರಿಗೆ, ಮತ್ತು ಮನೆಗೆ ಬಂದು ಉಪಚಾರ ಮಾಡಿದ ಡಾಕ್ಟರರಿಗೆ. ಹತ್ತಿರ ಇದ್ದು ಸೇವೆ ಮಾಡಿದವರಿಗೆ.

ನೂರು ವರ್ಷ ಹಿಂದಕ್ಕೆ ಹೋದರೂ ಇದೇ ಕಥೆ. 1918ರಲ್ಲಿ ಮೊದಲ ಮಹಾಯುದ್ಧದ ಸೈನಿಕರ ಹಡಗುಗಳ ಮೂಲಕ ಮುಂಬಯಿಗೆ ಒಂದು ಜ್ವರ ಬಂತು. ಇನ್‌ಫ್ಲುಯೆಂಜಾ, ಅಂದರೆ ಈಗಿನ ಫ್ಲೂ. ಮುಂಬಯಿಯಿಂದ ರೈಲುಹಾದಿ ಹಿಡಿದು ದೇಶವೆಲ್ಲಾ ಹಬ್ಬಿತು. ಆಗ ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತ ಒಂದರಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು. 1921ರ ಜನಗಣತಿ ಮಾಡಿದಾಗ ದೇಶದ ಜನಸಂಖ್ಯೆ 1911ಕ್ಕಿಂತ ಕಡಿಮೆ ಬಂತು. ಹಾಗಾದದ್ದು ಅದೊಂದೇ ಸಲ. ಆ ಜ್ವರದಲ್ಲಿ ಗಂಡಸರಿಗಿಂತ ಹೆಣ್ಣುಮಕ್ಕಳು ಹೆಚ್ಚು ಸತ್ತರು. ಆಗಿನ ಅಧಿಕಾರಿಗಳು, ಆಮೇಲಿನ ಇತಿಹಾಸಕಾರರು ಕಾರಣ ಹುಡುಕಿದರು. ಜಡ್ಡಿನವರ ಸೇವೆ ಮಾಡುವವರು ಅವರು, ಗಾಳಿ ಬೆಳಕಿಲ್ಲದ ಮನೆಯೊಳಗೆ ಇರುವವರು ಅವರು, ಎಲ್ಲರೂ ಉಂಡ ಮೇಲೆ ಉಳಿದದ್ದು ಉಣ್ಣುವವರು ಅವರು, ತಮಗೇ ಜ್ವರ ಬಂದರೂ ಮಲಗದೆ ದುಡಿಯುವವರು ಅವರು.

ಅಕ್ಕಂದಿರೇ, ಈ ನಾಲ್ಕರಲ್ಲಿ ಇವತ್ತಿಗೂ ನಮ್ಮ ಮನೆಯಲ್ಲಿ ಎಷ್ಟು ಇವೆ, ಲೆಕ್ಕ ಹಾಕಿರಿ.

ಸೇವೆ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಸೇವೆ ಮಾಡುವವರೂ ಉಳಿಯಬೇಕು ಎಂದು ಹೇಳುತ್ತೇನೆ. ಜಡ್ಡಿನವರನ್ನು ಗಾಳಿ ಆಡುವ ಕಡೆ ಮಲಗಿಸಿರಿ. ಪಡಸಾಲೆ, ಕಟ್ಟೆ ಆದರೂ ನಡೆಯುತ್ತದೆ. ಹತ್ತು ಜನ ಸುತ್ತ ಕೂಡದೆ ಒಬ್ಬರು ನೋಡಿಕೊಳ್ಳಿರಿ. ಆ ಒಬ್ಬರು ಬಸುರಿ ಆಗಿರಬಾರದು, ಶುಗರ್ ಅಥವಾ ದಮ್ಮು ಇದ್ದವರು ಆಗಿರಬಾರದು. ಗಟ್ಟಿಮುಟ್ಟಾದ ಗಂಡಸರಿದ್ದರೆ ಅವರೂ ಗಂಜಿ ಕುಡಿಸಬಹುದು, ಅದರಲ್ಲಿ ನಾಚಿಕೆ ಏನಿಲ್ಲ. ಹತ್ತಿರ ಹೋಗುವಾಗ ಇಬ್ಬರೂ ಮಾಸ್ಕ್ ಹಾಕಿಕೊಳ್ಳಿರಿ. 2020ರಲ್ಲಿ ನಮ್ಮ ರಾಜ್ಯದ ಎಷ್ಟೋ ಸಂಘಗಳ ಹೆಣ್ಣುಮಕ್ಕಳು ಸಾವಿರಗಟ್ಟಲೆ ಮಾಸ್ಕ್ ಹೊಲಿದು ಕೊಟ್ಟಿದ್ದಾರೆ, ಅದನ್ನು ಹಾಕಿಕೊಳ್ಳುವ ರೀತಿ ನಿಮಗೆ ಹೇಳಿಕೊಡಬೇಕಿಲ್ಲ. ಮೂಗು ಬಾಯಿ ಎರಡೂ ಮುಚ್ಚಬೇಕು. ಸೆರಗು ಅಡ್ಡ ಹಿಡಿದರೆ ಸಾಲದು.

ಬಾಣಂತಿ ಕೋಣೆ

ಈಗ ಹೇಳುವ ಮಾತು ಸ್ವಲ್ಪ ಸಂಕಟದ್ದು, ಯಾಕೆಂದರೆ ಇದು ನಮ್ಮ ಪ್ರೀತಿಯ ಪದ್ಧತಿಗೆ ಸಂಬಂಧಪಟ್ಟದ್ದು.

ನಮ್ಮ ಕಡೆ ಬಾಣಂತಿಯನ್ನು ಒಳಗಿನ ಕೋಣೆಯಲ್ಲಿ ಇಡುತ್ತೇವೆ. ಗಾಳಿ ಬಡಿಯಬಾರದು ಅಂತ ಕಿಟಕಿ ಮುಚ್ಚುತ್ತೇವೆ. ಹೊರಸಿನ ಕೆಳಗೆ ಕೆಂಡ ಇಡುತ್ತೇವೆ, ಲೋಬಾನದ ಹೊಗೆ ಹಾಕುತ್ತೇವೆ. ಕೂಸು ನೋಡಲು ಬೀಗರು, ಓಣಿಯವರು, ಸಂಘದವರು, ಎಲ್ಲರೂ ಬರುತ್ತಾರೆ. ಬಂದವರು ಕೂಸನ್ನು ಎತ್ತಿಕೊಳ್ಳುತ್ತಾರೆ, ಮುದ್ದು ಕೊಡುತ್ತಾರೆ. ನಮ್ಮ ನಾಲ್ಕು ಪ್ರಶ್ನೆ ಇಲ್ಲಿ ಕೇಳಿ ನೋಡಿರಿ. ಜಾಗ ಮುಚ್ಚಿದೆಯೇ? ಹೌದು. ಜನ ಬಹಳವೇ? ಹೌದು. ಹತ್ತಿರವೇ? ಕೆನ್ನೆಗೆ ಕೆನ್ನೆ. ಎಷ್ಟು ಹೊತ್ತು? ಚಾ ಕುಡಿದು ಹೋಗುವ ತನಕ. ಮೇಲೆ ಹೊಗೆ ಬೇರೆ.

ದೊಡ್ಡವರಿಗೆ ಬರೀ ನೆಗಡಿ ತರುವ ವೈರಸ್ ಎಳೆಕೂಸಿಗೆ ನ್ಯುಮೋನಿಯಾ ತರಬಹುದು. ಆರ್‌ಎಸ್‌ವಿ ಎಂಬ ಒಂದು ವೈರಸ್ ಎರಡು ವರ್ಷ ತುಂಬುವುದರೊಳಗೆ ಹೆಚ್ಚು ಕಡಿಮೆ ಎಲ್ಲಾ ಮಕ್ಕಳಿಗೂ ಒಮ್ಮೆ ಹತ್ತುತ್ತದೆ. ಬಹಳಷ್ಟು ಮಕ್ಕಳು ಆರಾಮ ಆಗುತ್ತಾರೆ. ಆದರೆ ಮೊದಲ ಕೆಲವು ತಿಂಗಳಲ್ಲಿ ಹತ್ತಿದರೆ, ಅಥವಾ ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಹತ್ತಿದರೆ, ಉಸಿರಾಟಕ್ಕೇ ತೊಂದರೆ ಆಗಬಹುದು. ಕೂಸಿನ ಉಸಿರಿನ ನಳಿಕೆ ತೀರ ಸಣ್ಣದು, ಸ್ವಲ್ಪ ಬಾವು ಬಂದರೂ ಕಟ್ಟಿಕೊಳ್ಳುತ್ತದೆ.

ಕೂಸಿಗೆ ಬಿಸುಪು ಬೇಕು, ನಿಜ. ಅದನ್ನು ಬೆಚ್ಚನೆ ಅರಿವೆಯಿಂದ, ಕುಂಚಿಗೆಯಿಂದ, ತಾಯಿಯ ಎದೆಗೆ ಹಚ್ಚಿಕೊಳ್ಳುವುದರಿಂದ ಕೊಡೋಣ. ಹೊಗೆಯಿಂದ ಬೇಡ. ಮುಚ್ಚಿದ ಕೋಣೆಯ ಕೆಂಡದಿಂದ ವಿಷದ ಗಾಳಿಯೂ ಹುಟ್ಟುತ್ತದೆ. ಕೂಸಿನ ಮೇಲೆ ನೇರ ಗಾಳಿ ಬೀಸದಂತೆ ನೋಡಿಕೊಂಡು ಕಿಟಕಿ ಸ್ವಲ್ಪ ತೆರೆದಿಡಿರಿ. ನೋಡಲು ಬಂದವರು ಕೈ ತೊಳೆದು, ದೂರದಿಂದ ಹರಸಿ ಹೋಗಲಿ. ನೆಗಡಿ ಕೆಮ್ಮು ಇದ್ದವರು ಒಂದು ವಾರ ತಡೆದು ಬರಲಿ. ಇದನ್ನು ಬಾಣಂತಿ ತಾನೇ ಹೇಳಲು ಆಗುವುದಿಲ್ಲ, ಬೀಗರ ಮುಂದೆ ಆಕೆಗೆ ಸಂಕೋಚ. ಅತ್ತೆ ಹೇಳಬೇಕು, ತವರುಮನೆಯಲ್ಲಿ ತಾಯಿ ಹೇಳಬೇಕು. ಇಲ್ಲಿ ಕೂತ ಹಿರಿಯ ತಾಯಂದಿರು ಈ ಜವಾಬ್ದಾರಿ ತೊಗೊಳ್ರಿ.

ಆರು ತಿಂಗಳು ಬರೀ ಎದೆಹಾಲು ಕೊಡಿರಿ. ತಾಯಿಗೆ ನೆಗಡಿ ಆದರೂ ಹಾಲು ಬಿಡಿಸಬೇಡಿರಿ, ಮಾಸ್ಕ್ ಹಾಕಿಕೊಂಡು ಕುಡಿಸಲಿ. ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳಿಗೆ ನ್ಯುಮೋಕಾಕಲ್ ಲಸಿಕೆ ಪುಕ್ಕಟೆ ಇದೆ. ಇದು ಒಂದು ತರಹದ ನ್ಯುಮೋನಿಯಾ ತಡೆಯುತ್ತದೆ. ದಡಾರದ ಲಸಿಕೆಯೂ ತಪ್ಪಬಾರದು, ದಡಾರವೂ ಗಾಳಿಯಿಂದಲೇ ಹರಡುವ ವೈರಸ್. ಕಾರ್ಡು ತೆಗೆದು ನೋಡಿರಿ, ತಪ್ಪಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿರಿ.

ಜೋರಾಗುವುದು ಯಾರಿಗೆ?

ಹತ್ತುವುದು ಒಂದು ಮಾತು, ಹತ್ತಿದ ಮೇಲೆ ಜೋರಾಗುವುದು ಇನ್ನೊಂದು ಮಾತು. ಅರವತ್ತು ದಾಟಿದವರು, ಎರಡು ವರ್ಷದೊಳಗಿನ ಮಕ್ಕಳು, ಬಸುರಿಯರು, ಶುಗರ್, ಬಿಪಿ, ದಮ್ಮು, ಹೃದಯದ ಕಾಯಿಲೆ, ಟಿಬಿ ಇದ್ದವರು, ಇವರಿಗೆ ಬೇಗ ಜೋರಾಗುತ್ತದೆ. 2009ರ ಎಚ್1ಎನ್1 ಬಂದಾಗ ಬಸುರಿಯರು ಬಹಳ ಕಷ್ಟಪಟ್ಟರು. ಫ್ಲೂ ಲಸಿಕೆ ಬಗ್ಗೆ ಇಂಥವರು ಡಾಕ್ಟರರನ್ನು ಕೇಳಬೇಕು.

ನಮ್ಮ ಕೈಯಲ್ಲಿರುವ ಕಾರಣಗಳೂ ಇವೆ. ಮೊದಲನೆಯದು ಒಲೆಯ ಹೊಗೆ. ಮನೆಯೊಳಗಿನ ಹೊಗೆಯಿಂದ ಸಣ್ಣ ಮಕ್ಕಳಿಗೆ ನ್ಯುಮೋನಿಯಾ ಬರುವ ಅಪಾಯ ಸುಮಾರು ಎರಡು ಪಟ್ಟು ಆಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗ್ಯಾಸ್ ಬಂದಿದೆ, ಆದರೆ ಸಿಲಿಂಡರ್ ಉಳಿಸಬೇಕೆಂದು ಚಾಕ್ಕೆ ಮಾತ್ರ ಗ್ಯಾಸು, ರೊಟ್ಟಿಗೆ ಒಲೆ. ಒಲೆ ಹಚ್ಚುವುದಾದರೆ ಕೂಸನ್ನು ಬಗಲಲ್ಲಿ ಕೂರಿಸಿಕೊಳ್ಳಬೇಡಿರಿ, ಹೊಗೆ ಹೊರಗೆ ಹೋಗುವ ಹಾದಿ ಮಾಡಿರಿ. ಎರಡನೆಯದು ಬೀಡಿ ಸಿಗರೇಟು. ಮನೆಯೊಳಗೆ ಗಂಡಸರು ಸೇದಿದರೆ ಅರ್ಧ ನಾವೇ ಸೇದಿದಂಗೆ.

ಮೂರನೆಯದು ನಿದ್ದೆ. ಇದು ಕೇಳಿ ನಗಬೇಡಿರಿ. ಅಮೆರಿಕದಲ್ಲಿ 153 ಮಂದಿ ಆರೋಗ್ಯವಂತರ ಮೂಗಿಗೆ, ಅವರ ಒಪ್ಪಿಗೆ ಪಡೆದು, ನೆಗಡಿಯ ವೈರಸ್ ಹನಿ ಹಾಕಿ ನೋಡಿದರು. 2009ರಲ್ಲಿ ಅದರ ಫಲಿತಾಂಶ ಬಂತು. ಎಂಟು ತಾಸು ಮಲಗುವವರಿಗಿಂತ ಏಳು ತಾಸಿನೊಳಗೆ ಮಲಗುವವರಿಗೆ ನೆಗಡಿ ಬರುವ ಸಂಭವ ಸುಮಾರು ಮೂರು ಪಟ್ಟು ಇತ್ತು. ನಸುಕಿನಲ್ಲಿ ನಾಲ್ಕಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಮಲಗುವ ನಮಗೆ ಎಷ್ಟು ತಾಸು ಸಿಕ್ಕಿತು? ಹೆಣ್ಣುಮಕ್ಕಳ ನಿದ್ದೆ ಸೋಮಾರಿತನ ಅಲ್ಲ. ಊಟದಂತೆ ಅದೂ ಮೈಗೆ ಬೇಕು.

ಮನುಷ್ಯರನ್ನು ದೂರ ಮಾಡಬೇಡಿ

ಅದೇ ಸಂಶೋಧಕರು 1997ರಲ್ಲಿ ಇನ್ನೊಂದು ಪರೀಕ್ಷೆಯ ಫಲಿತಾಂಶ ಕೊಟ್ಟಿದ್ದರು. 276 ಮಂದಿಗೆ ಹೀಗೇ ವೈರಸ್ ಹನಿ ಹಾಕಿ, ಯಾರ್ಯಾರ ಜೊತೆ ಅವರ ಸಂಬಂಧ ಇದೆ ಎಂದು ಕೇಳಿದ್ದರು. ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಬೀಗರು, ಗೆಳೆಯರು, ನೆರೆಯವರು, ಕೆಲಸದವರು, ಸಂಘದವರು, ದೇವಾಲಯದವರು. ಆರು ಅಥವಾ ಹೆಚ್ಚು ತರಹದ ಸಂಬಂಧ ಇದ್ದವರಿಗಿಂತ, ಬರೀ ಒಂದರಿಂದ ಮೂರು ಇದ್ದವರಿಗೆ ನೆಗಡಿ ಬರುವ ಸಂಭವ ನಾಲ್ಕು ಪಟ್ಟಿಗೂ ಜಾಸ್ತಿ ಇತ್ತು. ಎಲ್ಲರಿಗೂ ವೈರಸ್ ಒಂದೇ ತರಹ ಹಾಕಿದ್ದರು. ನಾಲ್ಕು ಕಡೆ ಸಂಬಂಧ ಇದ್ದವರ ಮೈ ಅದನ್ನು ಹೆಚ್ಚು ತಡೆಯಿತು.

ಇದನ್ನು ಯಾಕೆ ಹೇಳಿದೆ ಅಂದರೆ, ಸಂಪರ್ಕದಿಂದ ಜಡ್ಡು ಬರುತ್ತದೆ ಎಂದು ಕೇಳಿದ ಕೂಡಲೇ ನಾವು ಮನುಷ್ಯರನ್ನೇ ದೂರ ಮಾಡುತ್ತೇವೆ. 2020ರಲ್ಲಿ ಏನಾಯಿತು ನಿಮಗೆ ನೆನಪಿದೆ. ಮಹಾರಾಷ್ಟ್ರ, ಗೋವಾ ಕಡೆಯಿಂದ ದುಡಿದು ವಾಪಸ್ಸು ಬಂದವರನ್ನು ಎಷ್ಟೋ ಊರುಗಳಲ್ಲಿ ಒಳಗೆ ಬಿಟ್ಟುಕೊಳ್ಳಲಿಲ್ಲ. ಆಶಾ ಕಾರ್ಯಕರ್ತೆಯರಿಗೆ ಬೈಗುಳ ಬಂದವು. ಕೊರೊನಾದವರ ಮನೆಗೆ ಹಾಲು ಹಾಕುವವರು ಬರಲಿಲ್ಲ. ಅದರ ಪರಿಣಾಮ ಏನು? ಜನ ಜ್ವರ ಮುಚ್ಚಿಟ್ಟರು. ಮುಚ್ಚಿಟ್ಟದ್ದರಿಂದ ಮನೆಮಂದಿಗೆಲ್ಲ ಹತ್ತಿತು, ದವಾಖಾನೆಗೆ ಹೋಗುವ ಹೊತ್ತಿಗೆ ತಡವಾಯಿತು.

ಶುಭಸಂದೇಶದಲ್ಲಿ ಒಂದು ಪ್ರಸಂಗ ಇದೆ. ಪೇತ್ರನ ಅತ್ತೆಗೆ ಜ್ವರ ಬಂದು ಮಲಗಿರುತ್ತಾಳೆ. ಯೇಸು ಸ್ವಾಮಿ ಮನೆಗೆ ಬಂದ ಕೂಡಲೇ ಮನೆಯವರು ಆಕೆಯ ವಿಷಯ ಹೇಳುತ್ತಾರೆ. ಅವರು ಹತ್ತಿರ ಹೋಗಿ ಕೈಹಿಡಿದು ಎಬ್ಬಿಸುತ್ತಾರೆ. ನನಗೆ ಇದರಲ್ಲಿ ಕಾಣುವುದು ಎರಡು. ಮನೆಯವರು ಜ್ವರವನ್ನು ಮುಚ್ಚಿಡಲಿಲ್ಲ, ಹೇಳಿದರು. ಒಬ್ಬ ವಯಸ್ಸಾದ ಹೆಣ್ಣುಮಗಳ ಜ್ವರ ಸಣ್ಣ ವಿಷಯ ಎಂದು ಯಾರೂ ಬಿಡಲಿಲ್ಲ. ನಾವು ಯಾವ ಧರ್ಮದವರಾದರೂ ಈ ಎರಡು ಮಾತು ನಮಗೆ ಬೇಕು.

ಗಾಳಿಯನ್ನು ಬದಲಿಸೋಣ, ಮನುಷ್ಯರನ್ನು ಬಿಡುವುದು ಬೇಡ. ಜಡ್ಡಾದ ಅಕ್ಕನ ಮನೆ ಬಾಗಿಲಿಗೆ ಹೋಗಿ, ಅಂಗಳದಲ್ಲಿ ನಿಂತು "ಹ್ಯಾಂಗದಿರಿ ಅಕ್ಕಾರ? ಏನರ ತಂದುಕೊಡಬೇಕೇನ್ರಿ?" ಎಂದು ಕೇಳಲು ಯಾವ ಅಪಾಯವೂ ಇಲ್ಲ.

ಸಂಘದ ಠರಾವು

ಈಗ ಕೆಲಸದ ಮಾತಿಗೆ ಬರೋಣ. ನಮ್ಮ ಸಂಘಗಳಲ್ಲಿ ಒಂದು ನಿಯಮ ಇದೆ: ವಾರದ ಸಭೆಗೆ ಬರದಿದ್ದರೆ ದಂಡ. ಶಿಸ್ತಿಗಾಗಿ ಮಾಡಿದ ನಿಯಮ, ಒಳ್ಳೆಯದೇ. ಆದರೆ ಜ್ವರ ಬಂದ ಅಕ್ಕ ಏನು ಮಾಡುತ್ತಾಳೆ? ದಂಡ ಯಾಕೆ ಕಟ್ಟಬೇಕು, ಸಾಲದ ಸರದಿ ಯಾಕೆ ತಪ್ಪಿಸಿಕೊಳ್ಳಬೇಕು ಎಂದು ಒಂದು ಗುಳಿಗೆ ನುಂಗಿ ಬಂದು ಕೂಡುತ್ತಾಳೆ. ಹದಿನೈದು ಇಪ್ಪತ್ತು ಜನ, ಸಣ್ಣ ಕೋಣೆ, ಒಂದೂವರೆ ತಾಸು. ಬಗಲಲ್ಲಿ ಕೂತವಳ ಮನೆಯಲ್ಲಿ ಎರಡು ತಿಂಗಳ ಮೊಮ್ಮಗು ಇರುತ್ತದೆ. ಐದೋ ಹತ್ತೋ ರೂಪಾಯಿ ದಂಡಕ್ಕೆ ಹೆದರಿ ಆ ಕೂಸಿನ ತನಕ ಜಡ್ಡು ಹೋಗಬಾರದು.

ಆದ್ದರಿಂದ ಪ್ರತಿಯೊಂದು ಸಂಘ ಮುಂದಿನ ಸಭೆಯಲ್ಲಿ ಚರ್ಚೆ ಮಾಡಿ ಈ ಠರಾವು ಬರೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ:

1. ಜ್ವರ, ಕೆಮ್ಮು ಇದ್ದು ಸಭೆಗೆ ಬರದವರಿಗೆ ದಂಡವಿಲ್ಲ. ಸಾಲದ ಸರದಿಯೂ ತಪ್ಪುವುದಿಲ್ಲ. ಉಳಿತಾಯದ ಹಣವನ್ನು ನೆರೆಯ ಸದಸ್ಯೆ ತಂದು ಕಟ್ಟಲಿ, ಇಲ್ಲವೇ ಮುಂದಿನ ವಾರ ಎರಡೂ ಕೂಡಿ ಕಟ್ಟಲಿ.
2. ಸಭೆ ಆದಷ್ಟು ಕಟ್ಟೆ, ಅಂಗಳ, ಮರದ ನೆರಳಿನಲ್ಲಿ ನಡೆಯಲಿ. ಮಳೆಯಲ್ಲಿ ಒಳಗೆ ಕೂಡುವುದಾದರೆ ಬಾಗಿಲು ಕಿಟಕಿ ತೆರೆದಿರಲಿ, ಲೆಕ್ಕ ಬೇಗ ಮುಗಿಯಲಿ.
3. ಜ್ವರ ಇಳಿದು ಗುಳಿಗೆ ಇಲ್ಲದೆ ಒಂದು ದಿನ ಆದ ಮೇಲೆ ಬರಬಹುದು. ಇನ್ನೂ ಕೆಮ್ಮು ಇದ್ದರೆ ಮಾಸ್ಕ್ ಹಾಕಿಕೊಂಡು ಬರಲಿ.
4. ಆಂತರಿಕ ಸಾಲದಲ್ಲಿ ಸ್ವಲ್ಪ ಹಣ ದವಾಖಾನೆ ಖರ್ಚಿಗೆಂದು ಬೇರೆ ಇರಲಿ. ಜಡ್ಡಿನಿಂದ ಕೂಲಿ ತಪ್ಪಿದ ಸದಸ್ಯೆಗೆ ಸಭೆ ಕಾಯದೆ ಪ್ರತಿನಿಧಿಗಳು ಅದೇ ದಿನ ಕೊಡಲಿ. ಬಡ್ಡಿ ಬೇಕೋ ಬೇಡವೋ ಸಂಘವೇ ನಿರ್ಧರಿಸಲಿ.
5. ಜಡ್ಡಾದ ಸದಸ್ಯೆಯ ಮನೆಗೆ ದಿನಕ್ಕೊಮ್ಮೆ ಒಬ್ಬರು ಹೋಗಿ ಅಂಗಳದಿಂದ ವಿಚಾರಿಸಲಿ. ನೀರು, ಕಿರಾಣಿ, ದನದ ಮೇವು ನೋಡಿಕೊಳ್ಳಲಿ.

ಯಾವಾಗ ತಡಮಾಡಬಾರದು?

ಬಹಳಷ್ಟು ನೆಗಡಿ ಕೆಮ್ಮು ವಿಶ್ರಾಂತಿ, ಬಿಸಿ ನೀರು, ಗಂಜಿ ಇಷ್ಟರಲ್ಲೇ ವಾಸಿ ಆಗುತ್ತವೆ. ವೈರಸ್ಸಿಗೆ ಆ್ಯಂಟಿಬಯೋಟಿಕ್ ಗುಳಿಗೆ ನಡೆಯುವುದಿಲ್ಲ. ನೀವಾಗಿಯೇ ತಂದು ನುಂಗಬೇಡಿರಿ, ಸೂಜಿ ಹಾಕಿರಿ ಎಂದು ಹಟ ಮಾಡಬೇಡಿರಿ. ಆದರೆ ಈ ಲಕ್ಷಣ ಕಂಡರೆ ತಡಮಾಡದೆ ದವಾಖಾನೆಗೆ ಹೋಗಿರಿ. 108ಕ್ಕೆ ಫೋನ್ ಮಾಡಿರಿ.

ಕೂಸಿನ ಅಂಗಿ ಮೇಲೆತ್ತಿ, ಅದು ಅಳದೆ ಇರುವಾಗ, ಒಂದು ನಿಮಿಷ ಉಸಿರು ಎಣಿಸಿರಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷಕ್ಕೆ 40 ಅಥವಾ ಹೆಚ್ಚು ಇದ್ದರೆ ಅಪಾಯ. ಉಸಿರು ಎಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಹಾಲು ಕುಡಿಯದಿರುವುದು, ತುಟಿ ನೀಲಿ ಆಗುವುದು, ಎಬ್ಬಿಸಿದರೂ ಏಳದೆ ಮಂಪರಾಗುವುದು, ಇವು ಇನ್ನೂ ದೊಡ್ಡ ಅಪಾಯ. ದೊಡ್ಡವರಲ್ಲಿ ಕೂತಲ್ಲೇ ಏದುಸಿರು, ಎದೆನೋವು, ಗೊಂದಲದ ಮಾತು, ಮೂರು ದಿನ ಆದರೂ ಇಳಿಯದ ಜ್ವರ. ಎರಡು ವಾರ ಮೀರಿದ ಕೆಮ್ಮು ಇದ್ದರೆ ಸರಕಾರಿ ದವಾಖಾನೆಯಲ್ಲಿ ಕಫ ಪರೀಕ್ಷೆ ಮಾಡಿಸಿರಿ, ಅದು ಟಿಬಿ ಇರಬಹುದು. ಪರೀಕ್ಷೆ, ಔಷಧಿ ಎರಡೂ ಪುಕ್ಕಟೆ.

ತಾಯಂದಿರೇ, ಅಕ್ಕಂದಿರೇ, ಹತ್ತು ಹತ್ತು ರೂಪಾಯಿ ಕೂಡಿಸಿ ಸಾವಿರಗಟ್ಟಲೆ ಮಾಡಿದವರು ನೀವು. ಒಂಟಿಯಾಗಿ ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದವರು ಸಂಘ ಆದ ಮೇಲೆ ಮ್ಯಾನೇಜರ್ ಮುಂದೆ ಕುರ್ಚಿ ಎಳೆದು ಕೂತು ಮಾತಾಡಿದ್ದೀರಿ. ಒಂದು ಕಿಟಕಿ ತೆರೆಯುವುದು, ಒಂದು ದಂಡ ಬಿಡುವುದು ನಿಮಗೆ ದೊಡ್ಡದಲ್ಲ. ನಿಮ್ಮ ಸಂಘ ಬೆಳೆಯಲಿ, ಮನೆಮಂದಿ ಆರೋಗ್ಯದಿಂದ ಇರಲಿ. ದೇವರು ನಿಮ್ಮೆಲ್ಲರನ್ನೂ ಕಾಪಾಡಲಿ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಾವು ವಾರದ ಸಭೆ ಕೂಡುವ ಜಾಗದಲ್ಲಿ ಗಾಳಿ ಹೇಗೆ ಆಡುತ್ತದೆ? ಬೇರೆ ಒಳ್ಳೆಯ ಜಾಗ ಇದೆಯೇ?
2. ನಮ್ಮ ಸದಸ್ಯೆಯರ ಮನೆಗಳಲ್ಲಿ ಈಗ ಬಾಣಂತಿಯರು, ಬಸುರಿಯರು, ಶುಗರ್ ಅಥವಾ ದಮ್ಮು ಇದ್ದವರು ಯಾರಿದ್ದಾರೆ?
3. ಜಡ್ಡಾದಾಗ ಸಭೆಗೆ ಬರದವರ ದಂಡದ ಬಗ್ಗೆ ಏನು ಠರಾವು ಮಾಡೋಣ?
4. ಮನೆಯಲ್ಲಿ ನಮಗೇ ಜ್ವರ ಬಂದರೆ ನಮ್ಮನ್ನು ಯಾರು ನೋಡಿಕೊಳ್ಳುತ್ತಾರೆ?